ಲಿನಕ್ಸ್ ಮಿಂಟ್ 22: ಚಿಕ್ಕಪ್ಪನ ಲ್ಯಾಪ್‌ಟಾಪಿನಲ್ಲಿ ಆರು ತಿಂಗಳು

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಲಿದೆ ಎಂಬ ಎಚ್ಚರಿಕೆ ಪರದೆಯ ಮೇಲೆ ಕಾಣಿಸಿಕೊಂಡ ದಿನ ಚಿಕ್ಕಪ್ಪ ನನಗೆ ಫೋನ್ ಮಾಡಿ, "ಇದು ಹೊಸ ಕಂಪ್ಯೂಟರ್ ತಗೋ ಅಂತ ಹೇಳ್ತಿದೆ, ನನ್ನದು ಚೆನ್ನಾಗೇ ಇದೆಯಲ್ಲೋ" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಇಂಟೆಲ್‌ನ ಆರನೆಯ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, ಎರಡು ವರ್ಷದ ಹಿಂದೆ ನಾನೇ ಹಾಕಿಕೊಟ್ಟಿದ್ದ ಎಸ್‌ಎಸ್‌ಡಿ ಇರುವ ಆ ಯಂತ್ರ ಅವರ ಕೆಲಸಕ್ಕೆ ಬೇಕಾದದ್ದಕ್ಕಿಂತ ಹೆಚ್ಚೇ ಶಕ್ತವಾಗಿತ್ತು. ಆದರೆ ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲಿರುವ ಪ್ರೊಸೆಸರನ್ನೂ ಕೇಳುತ್ತದೆ, ಮತ್ತು ಇಂಟೆಲ್‌ನ ಮಟ್ಟಿಗೆ ಆ ಪಟ್ಟಿ ಬಹುತೇಕ ಎಂಟನೆಯ ತಲೆಮಾರಿನಿಂದ ಆರಂಭವಾಗುತ್ತದೆ. ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಪಡೆಯುವ ದಾರಿಯೊಂದನ್ನು ಮೈಕ್ರೋಸಾಫ್ಟ್ ಕೊಟ್ಟಿತ್ತಾದರೂ ಅದು 2026ರ ಅಕ್ಟೋಬರಿಗೆ ಗಡುವನ್ನು ಮುಂದೂಡುತ್ತಿತ್ತು, ಅಷ್ಟೆ.

ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದಾದ ಮುಕ್ತ ಕಾರ್ಯಾಚರಣಾ ವ್ಯವಸ್ಥೆಗಳನ್ನು ಸಾಮಾನ್ಯ ಬಳಕೆದಾರರಿಗೆ ಶಿಫಾರಸು ಮಾಡಬೇಕೇ ಎಂಬ ಹಳೆಯ ಪ್ರಶ್ನೆಯನ್ನು ವಾದದಿಂದ ತೀರಿಸಿಕೊಳ್ಳುವ ಬದಲು ಒಬ್ಬ ಸಾಮಾನ್ಯ ಬಳಕೆದಾರರ ಮೇಜಿನ ಮೇಲೆಯೇ ಪರೀಕ್ಷಿಸುವ ಅವಕಾಶ ಹೀಗೆ ಒದಗಿತು. ಅಂಥ ವ್ಯವಸ್ಥೆಗಳಲ್ಲಿ ನಾನು ಆರಿಸಿದ್ದು ಲಿನಕ್ಸ್ ಮಿಂಟ್ 22.1ರ ಸಿನಮನ್ ಆವೃತ್ತಿ. 2025ರ ಆಗಸ್ಟಿನಲ್ಲಿ ಅದನ್ನು ಹಾಕಿ, ಮುಂದಿನ ಆರು ತಿಂಗಳು ಚಿಕ್ಕಪ್ಪ ಎಲ್ಲಿ ಎಡವುತ್ತಾರೆ, ಎಷ್ಟು ಬಾರಿ ನನ್ನನ್ನು ಕರೆಯುತ್ತಾರೆ ಎಂಬುದನ್ನು ಬರೆದಿಟ್ಟುಕೊಂಡೆ.

ಮಿಂಟ್ ಎಲ್ಲಿಂದ ಬಂತೆಂಬುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯ ಸಾಧನಗಳು ಮತ್ತು ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ ಕರ್ನಲ್ ಎಂಬ ಒಳತಿರುಳು, ಇವೆರಡೂ ಸೇರಿದ ವ್ಯವಸ್ಥೆಯನ್ನೇ ನಾವು ಸುಲಭಕ್ಕೆ ಲಿನಕ್ಸ್ ಎನ್ನುತ್ತೇವೆ. ಅದನ್ನು ಮನೆಬಳಕೆಗೆ ಹದಗೊಳಿಸಿದ ಉಬುಂಟು 2004ರಲ್ಲಿ ಬಂತು. ಉಬುಂಟುವಿನ ತಳಹದಿಯ ಮೇಲೆ ಕ್ಲೆಮೆಂಟ್ ಲಫೆವ್ರ್ 2006ರಲ್ಲಿ ಆರಂಭಿಸಿದ ಯೋಜನೆ ಲಿನಕ್ಸ್ ಮಿಂಟ್. ಇಂಗ್ಲಿಷಿನಲ್ಲಿ ಇಂಥ ತಂತ್ರಾಂಶವನ್ನು 'ಫ್ರೀ' ಎಂದು ಕರೆದು, ಆ ಪದದ ಅರ್ಥ ಬಿಟ್ಟಿ ಎಂದಲ್ಲ, ಸ್ವತಂತ್ರ ಎಂದು ವಿವರಿಸುವುದರಲ್ಲೇ ನಾಲ್ಕು ದಶಕಗಳು ಕಳೆದಿವೆ. ಕನ್ನಡದಲ್ಲಿ ಉಚಿತಕ್ಕೂ ಮುಕ್ತಕ್ಕೂ ಬೇರೆ ಬೇರೆ ಪದಗಳಿರುವುದರಿಂದ ನಮಗೆ ಆ ತೊಡಕು ಇರಬೇಕಾಗಿರಲಿಲ್ಲ. ಆದರೂ ಪ್ರಚಾರ ಮಾಡುವವರು ಮೊದಲು ಎತ್ತಿಕೊಳ್ಳುವುದು ಉಚಿತವೆಂಬ ಮಾತನ್ನೇ, ಕೇಳುವವರ ಮನಸ್ಸಿನಲ್ಲಿ ಉಳಿಯುವುದೂ ಅದೇ. ಲ್ಯಾಪ್‌ಟಾಪಿನ ಜೊತೆಯಲ್ಲೇ ಬಂದ ವಿಂಡೋಸ್‌ಗೆ ತಾನು ಹಣ ಕೊಟ್ಟಿದ್ದೇನೆ ಎಂದು ಎಂದೂ ಅನ್ನಿಸಿರದ ಮನುಷ್ಯನಿಗೆ ಉಚಿತವೆಂಬುದು ಆಕರ್ಷಣೆಯೇ ಅಲ್ಲ ಎಂಬುದನ್ನು ನಾನು ಚಿಕ್ಕಪ್ಪನ ಮುಖ ನೋಡಿಯೇ ತಿಳಿದುಕೊಂಡೆ. ಕಂಪ್ಯೂಟರ್ ಇನ್ನೂ ಐದಾರು ವರ್ಷ ಬಾಳುತ್ತದೆ ಎಂದಾಗ ಮಾತ್ರ ಅವರು ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಂದರು.

ಅನುಸ್ಥಾಪನೆಯ ಬಗ್ಗೆ ವಿವರವಾಗಿಯೇ ಹೇಳಬೇಕು, ಏಕೆಂದರೆ ಪ್ರಚಾರಕರು ಅತಿ ಹಗುರವಾಗಿ ಮಾತನಾಡುವುದು ಈ ಹಂತದ ಬಗ್ಗೆಯೇ. ಪೆನ್ ಡ್ರೈವ್‌ನಿಂದ ಮಿಂಟ್ ಚಾಲೂ ಆದ ಮೇಲೆ ನಿಜಕ್ಕೂ ಕಷ್ಟವಿಲ್ಲ. ಡಿಸ್ಕನ್ನು ಮುಟ್ಟದೆಯೇ ಇಡೀ ವ್ಯವಸ್ಥೆಯನ್ನು ಪೆನ್ ಡ್ರೈವ್‌ನಿಂದಲೇ ಓಡಿಸಿ, ವೈಫೈ, ಧ್ವನಿ, ಪರದೆಯ ಬೆಳಕು ಎಲ್ಲವೂ ಸರಿಯಿವೆಯೇ ಎಂದು ನೋಡಿ, ಒಪ್ಪಿಗೆಯಾದರೆ ಮಾತ್ರ ಅನುಸ್ಥಾಪಿಸಬಹುದು. ಇದು ವಿಂಡೋಸ್ ಬಳಕೆದಾರರಿಗೆ ಹೊಸ ಸೌಲಭ್ಯ, ಮತ್ತು ಬಹಳ ದೊಡ್ಡದು. ಇಪ್ಪತ್ತು ನಿಮಿಷದೊಳಗೆ ಕೆಲಸ ಮುಗಿಯಿತು. ಆದರೆ ಆ ಇಪ್ಪತ್ತು ನಿಮಿಷಕ್ಕೆ ಮೊದಲು ಒಂದು ಇಡೀ ಮಧ್ಯಾಹ್ನ ಇತ್ತು. ಸುಮಾರು 3 ಜಿಬಿಯ ಕಡತವನ್ನು ಇಳಿಸಿಕೊಂಡು ಪೆನ್ ಡ್ರೈವ್‌ಗೆ ಯಂತ್ರ ಅದರಿಂದಲೇ ಚಾಲೂ (ಬೂಟ್) ಆಗುವ ಹಾಗೆ ಬರೆಯಬೇಕು, ಯಂತ್ರ ಆನ್ ಆಗುವಾಗ ಯಾವ ಕೀ ಒತ್ತಿದರೆ ಬೂಟ್ ಮೆನು ಬರುತ್ತದೆಂದು ಹುಡುಕಬೇಕು, ಇಪ್ಪತ್ತು ಫೋಲ್ಡರುಗಳಲ್ಲಿ ಚದುರಿಹೋದ ಕುಟುಂಬದ ಫೋಟೋಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಬೇಕು. ಹೊಸ ಲ್ಯಾಪ್‌ಟಾಪುಗಳಲ್ಲಿ ಮಾಲೀಕರಿಗೇ ಗೊತ್ತಿಲ್ಲದಂತೆ ಬಿಟ್‌ಲಾಕರ್ ಗೂಢಲಿಪೀಕರಣ ಚಾಲೂ ಇರುವುದುಂಟು. ಅದರ ರಿಕವರಿ ಕೀಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ಮೊದಲೇ ಬರೆದಿಟ್ಟುಕೊಳ್ಳದೆ ಬೂಟ್ ವ್ಯವಸ್ಥೆಗೆ ಕೈಹಾಕಿದರೆ ವಿಂಡೋಸ್ ಕಡೆಯ ಬಾಗಿಲೂ ಮುಚ್ಚಬಹುದು.

ಇಳಿಸಿಕೊಂಡ ಕಡತ ಅಸಲಿಯೇ ಎಂದು ಚೆಕ್‌ಸಮ್ ಎಂಬ, ಕಡತಕ್ಕೆ ಬೆರಳಚ್ಚಿನಂತಿರುವ ಸಂಕೇತದ ಮೂಲಕ ಪರಿಶೀಲಿಸಬೇಕೆಂಬ ಸೂಚನೆಯನ್ನು ಹೆಚ್ಚಿನವರು ಓದದೆ ದಾಟುತ್ತಾರೆ. ಮಿಂಟ್‌ನ ವಿಷಯದಲ್ಲಿ ಅದು ಶಾಸ್ತ್ರಕ್ಕೆ ಹೇಳಿದ ಮಾತಲ್ಲ. 2016ರ ಫೆಬ್ರವರಿಯಲ್ಲಿ ಮಿಂಟ್‌ನ ಜಾಲತಾಣಕ್ಕೇ ನುಗ್ಗಿದ ಕಳ್ಳರು, 17.3ರ ಸಿನಮನ್ ಆವೃತ್ತಿಯ ಕೊಂಡಿಯನ್ನು ಗುಟ್ಟಾಗಿ ಯಂತ್ರದೊಳಗೆ ನುಗ್ಗಲು ಹಿಂಬಾಗಿಲು ಸೇರಿಸಿದ ಕಡತದ ಕಡೆಗೆ ತಿರುಗಿಸಿದ್ದರು. ಯೋಜನೆಯವರು ಅದನ್ನು ತಾವಾಗಿಯೇ ಬಹಿರಂಗಪಡಿಸಿದರು. ಆದರೆ ಚೆಕ್‌ಸಮ್ ಎಂದರೇನೆಂದು ತಿಳಿಯದ ಬಳಕೆದಾರನಿಗೆ ಆ ಪ್ರಾಮಾಣಿಕತೆಯಿಂದ ತಕ್ಷಣದ ರಕ್ಷಣೆಯೇನೂ ಸಿಗುತ್ತಿರಲಿಲ್ಲ.

ವಿಂಡೋಸನ್ನು ಅನುಸ್ಥಾಪಿಸುವುದು ಇದಕ್ಕಿಂತ ಸುಲಭವೇ ಎಂದು ಕೇಳಿದರೆ, ಇಲ್ಲ. ಆದರೆ ಸಾಮಾನ್ಯ ಬಳಕೆದಾರ ವಿಂಡೋಸನ್ನು ಎಂದೂ ಅನುಸ್ಥಾಪಿಸುವುದೇ ಇಲ್ಲ, ಅದು ಅಂಗಡಿಯಿಂದಲೇ ಯಂತ್ರದ ಜೊತೆ ಬರುತ್ತದೆ. ಮಿಂಟ್‌ಗೆ ಎದುರಾಗಿರುವ ದೊಡ್ಡ ಅಡ್ಡಿ ಇದೇ. ಲಿನಕ್ಸ್ ಕರ್ನಲ್ ಇರುವ ಆಂಡ್ರಾಯ್ಡ್ ಫೋನನ್ನು ಲಿನಕ್ಸ್ ಪ್ರಚಾರಕರ ನೆರವಿಲ್ಲದೆಯೇ ಜಗತ್ತು ಕೈಗೆತ್ತಿಕೊಂಡಿತು, ಏಕೆಂದರೆ ಅದು ಪೆಟ್ಟಿಗೆಯೊಳಗೆ ಸಿದ್ಧವಾಗಿಯೇ ಬಂತು.

ಇನ್ನು ದಿನನಿತ್ಯದ ಬಳಕೆ. ಸಿನಮನ್ ಡೆಸ್ಕ್‌ಟಾಪಿನ ಕೆಳಗೆ ಒಂದು ಪಟ್ಟಿ, ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ ಮತ್ತು ವೈಫೈ. ವಿಂಡೋಸ್ 7 ಬಳಸಿದ ಯಾರಿಗಾದರೂ ಇದು ಪರಿಚಿತ ಮನೆ. 2011ರಲ್ಲಿ ಗ್ನೋಮ್ 3 ಎಂಬ ಡೆಸ್ಕ್‌ಟಾಪ್ ಹಳೆಯ ವಿನ್ಯಾಸವನ್ನು ಪೂರಾ ಬದಲಿಸಿದಾಗ ಮಿಂಟ್‌ನವರು ಹಳೆಯ ರೀತಿಯೇ ಸಾಕೆಂದು ತಮ್ಮದೇ ಡೆಸ್ಕ್‌ಟಾಪ್ ಕಟ್ಟಿಕೊಂಡರು. ಆ ಹಟದ ಲಾಭ ಈಗ ಚಿಕ್ಕಪ್ಪನಂಥವರಿಗೆ ಆಗುತ್ತಿದೆ. ಫೈರ್‌ಫಾಕ್ಸ್ ತೆರೆದು ಬ್ಯಾಂಕಿನ ತಾಣ, ಇಮೇಲ್, ವಿಡಿಯೋಗಳನ್ನು ನೋಡುವುದಕ್ಕೆ ಅವರಿಗೆ ಯಾರ ಸಹಾಯವೂ ಬೇಕಾಗಲಿಲ್ಲ. ಯಂತ್ರ ಆನ್ ಆಗುವ ವೇಗದಲ್ಲಿ, ಫ್ಯಾನಿನ ಸದ್ದಿನಲ್ಲಿ ಆದ ವ್ಯತ್ಯಾಸವನ್ನು ಅವರೇ ಗುರುತಿಸಿ ಹೇಳಿದರು.

ಮೊದಲ ಕರೆ ಬಂದದ್ದು ಮೂರನೆಯ ದಿನ. "ಡಿ ಡ್ರೈವ್ ಎಲ್ಲಿ ಹೋಯ್ತು?" ಎಂದು ಕೇಳಿದರು. ಲಿನಕ್ಸಿನಲ್ಲಿ ಸಿ, ಡಿ ಎಂಬ ಅಕ್ಷರಗಳಿಲ್ಲ. ಎಲ್ಲ ಡಿಸ್ಕುಗಳೂ ಒಂದೇ ಮರದ ಕೊಂಬೆಗಳಂತೆ ಜೋಡಣೆಯಾಗುತ್ತವೆ, ಆ ವಿಭಾಗಕ್ಕೆ ಇಟ್ಟ ಹೆಸರಿನಿಂದಲೇ ಅದು ಕಡತಗಳ ಕಿಟಕಿಯಲ್ಲಿ ಕಾಣುತ್ತದೆ. ಇದನ್ನು ನಾನು ಶ್ರದ್ಧೆಯಿಂದ ವಿವರಿಸಿದೆ. ಎಲ್ಲವನ್ನೂ ಕೇಳಿದ ಮೇಲೆ ಅವರು, "ಅದೆಲ್ಲ ಸರಿ, ಡಿ ಡ್ರೈವ್ ಎಲ್ಲಿ?" ಎಂದರು. ಕೊನೆಗೆ ಆ ವಿಭಾಗಕ್ಕೆ 'ಡಿ ಡ್ರೈವ್' ಎಂದೇ ಹೆಸರು ಕೊಟ್ಟು ಡೆಸ್ಕ್‌ಟಾಪಿನ ಮೇಲೆ ಅದರ ಚಿಹ್ನೆ ಇಟ್ಟೆ. ಆ ವಿಷಯದಲ್ಲಿ ಮತ್ತೆ ಕರೆ ಬರಲಿಲ್ಲ.

ಅಪ್‌ಡೇಟ್ ನಿರ್ವಾಹಕದ ಬಗ್ಗೆ ನನಗೆ ಮೆಚ್ಚುಗೆಯಿದೆ. ಕೆಲಸದ ಮಧ್ಯೆ ಯಂತ್ರವನ್ನು ತಾನಾಗಿಯೇ ಮರುಚಾಲನೆ ಮಾಡುವ ಚಾಳಿ ಅದಕ್ಕಿಲ್ಲ. ವ್ಯವಸ್ಥೆಯ ಜೊತೆಗೆ ಬ್ರೌಸರ್, ಆಫೀಸ್, ವಿಡಿಯೋ ಪ್ಲೇಯರ್ ಎಲ್ಲವೂ ಒಂದೇ ಕಡೆಯಿಂದ ನವೀಕರಣಗೊಳ್ಳುತ್ತವೆ. ಸೆಪ್ಟೆಂಬರಿನಲ್ಲಿ 22.2 ಬಂದಾಗ ಇದೇ ಕಿಟಕಿಯ ಮೆನುವಿನಿಂದ ಮೇಲೇರಿಸಿದೆ, ಏನೂ ಕೆಡಲಿಲ್ಲ. ಕೆಟ್ಟಿದ್ದರೂ ಟೈಮ್‌ಶಿಫ್ಟ್ ಎಂಬ ಸಾಧನ ವ್ಯವಸ್ಥೆಯ ಹಿಂದಿನ ಸ್ಥಿತಿಯ ಪ್ರತಿ ಇಟ್ಟಿರುತ್ತಿತ್ತು. ಆದರೆ ಅದು ಮೊದಲೇ ತಿಳಿಸದಿದ್ದರೆ ಸ್ವಂತ ಕಡತಗಳ ಪ್ರತಿ ಇಡುವುದಿಲ್ಲ, ಹಾಗಾಗಿ ಫೋಟೋಗಳ ಬ್ಯಾಕಪ್ ಆಯಿತೆಂದು ಭ್ರಮಿಸಬಾರದು. ತಂತ್ರಾಂಶಗಳನ್ನು ಕಂಡಕಂಡ ತಾಣಗಳಿಂದ ಇಳಿಸಿಕೊಳ್ಳುವ ಅಭ್ಯಾಸ ಚಿಕ್ಕಪ್ಪನಿಗೆ ತಪ್ಪಿದ್ದು, ನನ್ನ ಲೆಕ್ಕದಲ್ಲಿ, ಈ ಬದಲಾವಣೆಯ ಅತಿದೊಡ್ಡ ಭದ್ರತಾ ಲಾಭ. ಬೇಕಾದದ್ದನ್ನು ಅವರು ಈಗ ಮಿಂಟ್‌ನದೇ ತಂತ್ರಾಂಶ ಕಿಟಕಿಯಲ್ಲಿ ಹುಡುಕುತ್ತಾರೆ.

ಲಿನಕ್ಸಿಗೆ ವೈರಸ್ ತಗಲುವುದೇ ಇಲ್ಲ ಎಂಬ ಮಾತನ್ನು ಮಾತ್ರ ನಾನು ಅವರಿಗೆ ಹೇಳಲಿಲ್ಲ, ಯಾರೂ ಯಾರಿಗೂ ಹೇಳಬಾರದು. 2024ರ ಮಾರ್ಚಿನಲ್ಲಿ ಎಕ್ಸ್‌ಜೆಡ್ ಎಂಬ ಸಂಕೋಚನ ತಂತ್ರಾಂಶದೊಳಗೆ ಯಾರೋ ವರ್ಷಗಟ್ಟಲೆ ವಿಶ್ವಾಸ ಗಳಿಸಿ ಹಿಂಬಾಗಿಲು ಸೇರಿಸಿದ್ದು ಬಯಲಾಯಿತು. ದೂರದ ಯಂತ್ರಕ್ಕೆ ಲಾಗಿನ್ ಆಗುವುದು ಸುಮಾರು ಅರ್ಧ ಸೆಕೆಂಡ್ ನಿಧಾನವಾಗುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿದ್ದರಿಂದ ಅದು ಸಿಕ್ಕಿತು. ಆಕರ ಸಂಕೇತ (ಸೋರ್ಸ್ ಕೋಡ್) ತೆರೆದೇ ಇದ್ದುದರಿಂದ ಬೆನ್ನುಹತ್ತಲು ಸಾಧ್ಯವಾಯಿತು ಎಂಬುದೂ ನಿಜ, ಹೊರಗಿನವರೊಬ್ಬರು ಒಳಹೊಕ್ಕು ಕುಳಿತದ್ದೂ ನಿಜ. ಬ್ಯಾಂಕಿನ ಹೆಸರಿನಲ್ಲಿ ಬರುವ ಸುಳ್ಳು ಇಮೇಲ್ ಅಂತೂ ಮಿಂಟ್‌ನಲ್ಲೂ ಅಷ್ಟೇ ಸಲೀಸಾಗಿ ತೆರೆದುಕೊಳ್ಳುತ್ತದೆ.

ಕನ್ನಡ ಬರೆಯುವವರು ಈ ಭಾಗವನ್ನು ಗಮನಿಸಬೇಕು. ಯೂನಿಕೋಡ್ ಕನ್ನಡ ಮಿಂಟ್‌ನಲ್ಲಿ ಒತ್ತಕ್ಷರಗಳ ಸಮೇತ ಸರಿಯಾಗಿ ಮೂಡುತ್ತದೆ. ಐಬಸ್ ಎಂಬ ಟೈಪಿಂಗ್ ಸಾಧನ ಮತ್ತು ಅದರ ಎಂ17ಎನ್ ಪ್ಯಾಕೇಜನ್ನು ಸೇರಿಸಿಕೊಂಡರೆ ನುಡಿ ಬಳಸುವವರಿಗೆ ಅಭ್ಯಾಸವಾಗಿರುವ ಕೆಜಿಪಿ ವಿನ್ಯಾಸ, ಇನ್‌ಸ್ಕ್ರಿಪ್ಟ್, ಲಿಪ್ಯಂತರಣ ಮೂರೂ ಸಿಗುತ್ತವೆ. ಸಿಗುತ್ತವೆ ನಿಜ, ಆದರೆ ಈ ಪ್ಯಾಕೇಜಿನ ಹೆಸರನ್ನು ತಾನಾಗಿಯೇ ಊಹಿಸಬಲ್ಲ ಸಾಮಾನ್ಯ ಬಳಕೆದಾರ ಈ ಭೂಮಿಯ ಮೇಲಿಲ್ಲ. ಅದಕ್ಕಿಂತ ಗಟ್ಟಿಯಾದ ತೊಡಕು ಹಳೆಯ ಕಡತಗಳದ್ದು. ಯೂನಿಕೋಡ್‌ಗೆ ಮುಂಚೆ ಚಿಕ್ಕಪ್ಪ ಬರೆದಿಟ್ಟ ಹತ್ತಾರು ಪತ್ರಗಳು ಆ ಕಾಲದ ಫಾಂಟುಗಳಲ್ಲಿದ್ದವು. ಅವುಗಳ ಒಳಗಿರುವುದು ವಾಸ್ತವದಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳು, ಫಾಂಟ್ ಅವುಗಳಿಗೆ ಕನ್ನಡದ ವೇಷ ತೊಡಿಸುತ್ತದೆ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದಾಗ ವೇಷ ಕಳಚಿ, ಪುಟದ ತುಂಬ ಅರ್ಥವಿಲ್ಲದ ಚಿಹ್ನೆಗಳು ಕಂಡವು. "ಇದು ನನ್ನ ಕಾಗದಗಳನ್ನೆಲ್ಲ ಹಾಳು ಮಾಡಿಬಿಟ್ಟಿತಲ್ಲೋ" ಎಂದು ಅವರು ಗಾಬರಿಯಾದರು. ಫಾಂಟ್ ಹಾಕಿದ ಕೂಡಲೇ ಎಲ್ಲ ಸರಿಹೋಯಿತು, ಮುಖ್ಯವಾದ ಪತ್ರಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಯೂ ಇಟ್ಟೆ. ಇದು ಮಿಂಟ್‌ನ ದೋಷವೇ ಅಲ್ಲ. ಆದರೆ ಬೈಗುಳ ಬಿದ್ದದ್ದು ಮಿಂಟ್‌ಗೆ, ಅದನ್ನು ತಂದವನಿಗೆ.

ಪ್ರಿಂಟರ್ ಬಗ್ಗೆ ಬರೆಯುವಾಗ ತಯಾರಕರ ಹೆಸರು ಬೇಡ. ವೈಫೈಯಲ್ಲಿ ಕೆಲಸ ಮಾಡುವ ಈಚಿನ ಪ್ರಿಂಟರುಗಳು ಡ್ರೈವರ್‌ನ ಹಂಗಿಲ್ಲದೆ ಮುದ್ರಿಸುವ ಸಾಮಾನ್ಯ ಮಾನಕವನ್ನು ಪಾಲಿಸುತ್ತವೆ, ಅವುಗಳನ್ನು ಮಿಂಟ್ ತಾನಾಗಿಯೇ ಪತ್ತೆಹಚ್ಚುತ್ತದೆ. ಚಿಕ್ಕಪ್ಪನ ಹತ್ತು ವರ್ಷದ ಮುದ್ರಕ-ಸ್ಕ್ಯಾನರಿನಲ್ಲಿ ಮುದ್ರಣ ಮೊದಲ ದಿನವೇ ಆಯಿತು. ಸ್ಕ್ಯಾನ್ ಆಗಲಿಲ್ಲ. ತಯಾರಕರ ತಾಣದಲ್ಲಿ ಲಿನಕ್ಸಿಗೆಂದು ಇಟ್ಟಿದ್ದ ಡ್ರೈವರ್ ಬಹಳ ಹಳೆಯದು, ಅದನ್ನು ಕೂರಿಸಲು ಟರ್ಮಿನಲ್ ತೆರೆದು ನಾಲ್ಕು ಕಮಾಂಡ್ ಬರೆಯಬೇಕಾಯಿತು. ಆ ಕಪ್ಪು ಕಿಟಕಿಯನ್ನು ನೋಡುತ್ತ ನನ್ನ ಬೆನ್ನ ಹಿಂದೆ ನಿಂತಿದ್ದ ಚಿಕ್ಕಪ್ಪ, "ಇದು ನನ್ನ ಕೈಲಿ ಆಗೋದಲ್ಲ" ಎಂದರು. ಲಿನಕ್ಸ್ ಬಳಸಲು ಟರ್ಮಿನಲ್ ಬೇಕಿಲ್ಲ ಎಂದು ನಾನು ಅವರಿಗೆ ಭರವಸೆ ಕೊಟ್ಟು ಆಗಿನ್ನೂ ಎರಡು ವಾರವಾಗಿತ್ತು.

ಕಡತಗಳ ವಿನಿಮಯದಲ್ಲಿ ಲಿಬ್ರೆಆಫೀಸ್ ಎಂಬ ಮುಕ್ತ ಆಫೀಸ್ ತಂತ್ರಾಂಶ ಬಹುಪಾಲು ಸಾಕು. ಮೈಕ್ರೋಸಾಫ್ಟ್‌ನ ಕಡತಗಳನ್ನು ತೆರೆದಾಗ ಪುಟ ಅಲುಗಾಡುವುದಕ್ಕೆ ಒಂದು ಸಾಮಾನ್ಯ ಕಾರಣ ಫಾಂಟುಗಳ ಅಗಲ. ಕ್ಯಾಲಿಬ್ರಿಗೆ ಬದಲಾಗಿ ಅಷ್ಟೇ ಅಗಲದ ಕಾರ್ಲಿಟೋ, ಕೇಂಬ್ರಿಯಾಗೆ ಬದಲಾಗಿ ಕೆಲಾಡಿಯಾ ಇದ್ದರೆ ಸಾಲುಗಳು ಬಹುಮಟ್ಟಿಗೆ ತಮ್ಮ ಜಾಗದಲ್ಲೇ ನಿಲ್ಲುತ್ತವೆ. ಆದರೆ ನನ್ನ ಗೆಳೆಯರೊಬ್ಬರು ಲೆಕ್ಕಪತ್ರದ ವೃತ್ತಿಯವರು. ಚಿಕ್ಕಪ್ಪನ ಯಂತ್ರದ ಚುರುಕು ನೋಡಿ ತಮಗೂ ಬೇಕೆಂದರು. ಮ್ಯಾಕ್ರೋಗಳಿಂದ ತುಂಬಿದ ಎಕ್ಸೆಲ್ ಹಾಳೆಗಳು, ವಿಂಡೋಸಿಗಷ್ಟೇ ಸಿಗುವ ಲೆಕ್ಕಪತ್ರ ತಂತ್ರಾಂಶ, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಇವು ಮೂರೂ ಅವರಿಗೆ ದಿನನಿತ್ಯ ಬೇಕು. ನಾನು ಬೇಡವೆಂದೆ. ವೈನ್ ಮೂಲಕ ವಿಂಡೋಸ್ ತಂತ್ರಾಂಶಗಳನ್ನು ಓಡಿಸಬಹುದೆಂದು ಹೇಳಿ ಅವರನ್ನು ಒಪ್ಪಿಸುವುದು ಕಷ್ಟವಿರಲಿಲ್ಲ. ಮಾರ್ಚ್ ತಿಂಗಳ ರಾತ್ರಿ ಹನ್ನೊಂದಕ್ಕೆ ಅದು ಓಡದಿದ್ದಾಗ ಅವರ ಮುಂದೆ ನಿಲ್ಲುವುದು ಕಷ್ಟವಾಗುತ್ತಿತ್ತು. ಅಡೋಬಿಯ ಫೋಟೋಶಾಪನ್ನು ಜೀವನೋಪಾಯಕ್ಕೆ ನಂಬಿದವರಿಗೂ ನನ್ನ ಉತ್ತರ ಇದೇ. ಆಟಗಳ ವಿಷಯದಲ್ಲಿ 2018ರಲ್ಲಿ ವಾಲ್ವ್ ಕಂಪನಿ ತಂದ, ವಿಂಡೋಸ್ ಆಟಗಳನ್ನು ಲಿನಕ್ಸಿನಲ್ಲಿ ಓಡಿಸುವ ಪ್ರೋಟಾನ್‌ನಿಂದ ಚಿತ್ರವೇ ಬದಲಾಗಿದೆ, ಆದರೂ ಮೋಸ ತಡೆಯುವ ತಂತ್ರಾಂಶವನ್ನು ಕರ್ನಲ್ ಮಟ್ಟದಲ್ಲಿ ಇಡುವ ಹಲವು ಆನ್‌ಲೈನ್ ಆಟಗಳು ಲಿನಕ್ಸನ್ನು ಒಳಗೆ ಬಿಡುವುದಿಲ್ಲ.

ದೊಡ್ಡ ಸಂಸ್ಥೆಗಳ ಅನುಭವವೂ ಇದರಿಂದ ದೂರವಿಲ್ಲ. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸಿಗೆ ಹೋಗಲು ತೀರ್ಮಾನಿಸಿ ಸುಮಾರು 15,000 ಯಂತ್ರಗಳನ್ನು ಬದಲಿಸಿತು, 2017ರಲ್ಲಿ ಮರಳಿ ವಿಂಡೋಸಿಗೆ ಹೋಗಲು ನಿರ್ಧರಿಸಿತು. ರಾಜಕೀಯದ ಪಾಲೆಷ್ಟು, ತಾಂತ್ರಿಕ ಕಾರಣಗಳ ಪಾಲೆಷ್ಟು ಎಂಬ ಜಗಳ ಇನ್ನೂ ನಿಂತಿಲ್ಲ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಫ್ರಾನ್ಸಿನ ಜೆಂಡಾರ್ಮರಿ ಎಂಬ ಪೊಲೀಸ್ ಪಡೆಯ ಉದಾಹರಣೆ. ಅವರು 2005ರಲ್ಲಿ ವಿಂಡೋಸ್ ಮೇಲೆಯೇ ಓಪನ್‌ಆಫೀಸ್ ತಂದರು, ಮರುವರ್ಷ ಫೈರ್‌ಫಾಕ್ಸ್ ಮತ್ತು ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶ, ಅವು ಕೈಗೆ ಹತ್ತಿದ ಮೇಲೆ 2008ರಿಂದ ಉಬುಂಟು. ತಳಹದಿ ಬದಲಾಗುವ ಹೊತ್ತಿಗೆ ಸಿಬ್ಬಂದಿ ದಿನವೆಲ್ಲ ನೋಡುವ ಕಿಟಕಿಗಳು ಹಳೆಯವೇ ಆಗಿದ್ದವು. ಇದನ್ನು ಮೊದಲೇ ಅನುಸರಿಸಿದ್ದರೆ ಚಿಕ್ಕಪ್ಪನಿಂದ ಬಂದ ಕರೆಗಳಲ್ಲಿ ಕೆಲವಾದರೂ ತಪ್ಪುತ್ತಿದ್ದವು ಎಂದು ನನಗೆ ಅನ್ನಿಸುತ್ತದೆ. ಲಿಬ್ರೆಆಫೀಸನ್ನೂ ಫೈರ್‌ಫಾಕ್ಸನ್ನೂ ವಿಂಡೋಸಿನಲ್ಲೇ ಮೂರು ತಿಂಗಳು ಬಳಸಿ ನೋಡಿ ಎಂದು ಹೇಳುವುದು ಸಪ್ಪೆ ಪ್ರಚಾರ, ಆದರೆ ಕೆಲಸ ಮಾಡುವ ಪ್ರಚಾರ.

ಕರೆಗಳ ಲೆಕ್ಕ ಹೀಗಿದೆ. ಮೊದಲ ತಿಂಗಳು ಹದಿನೇಳು, ಎರಡನೆಯ ತಿಂಗಳು ಆರು, ಆಮೇಲಿನ ನಾಲ್ಕು ತಿಂಗಳಲ್ಲಿ ಒಟ್ಟು ಐದು. ಇವುಗಳಲ್ಲಿ ಲಿನಕ್ಸ್ ಕಾರಣದಿಂದಲೇ ಬಂದವು ಒಂಬತ್ತು. ಉಳಿದವೆಲ್ಲ ಮರೆತ ಪಾಸ್‌ವರ್ಡ್, ಸಿಗದ ಕಡತ, ತುಂಬಿದ ಇಮೇಲ್ ಪೆಟ್ಟಿಗೆಯಂಥ, ಯಾವ ವ್ಯವಸ್ಥೆಯಿದ್ದರೂ ಬರುತ್ತಿದ್ದ ಕರೆಗಳು. ಬ್ರೌಸರಿನಲ್ಲೇ ಬಹುಪಾಲು ಕೆಲಸ ಮುಗಿಸುವ, ವಿಂಡೋಸ್ 11ಕ್ಕೆ ಅರ್ಹವಲ್ಲದ ಯಂತ್ರವಿರುವ ಮನೆಗೆ ಮಿಂಟ್ 22 ಒಳ್ಳೆಯ ಆಯ್ಕೆ, ಅದನ್ನು ಧೈರ್ಯವಾಗಿ ಪ್ರಚಾರ ಮಾಡಬಹುದು. ಒಂದೇ ನಿಬಂಧನೆ, ಮೊದಲ ತಿಂಗಳ ಹದಿನೇಳು ಕರೆಗಳನ್ನು ಎತ್ತುವವರು ಯಾರೆಂಬುದು ಪೆನ್ ಡ್ರೈವ್ ಸಿದ್ಧವಾಗುವ ಮೊದಲೇ ಗೊತ್ತಿರಬೇಕು. ವೇದಿಕೆಯ ಮೇಲಿಂದ ನೂರು ಜನಕ್ಕೆ ಲಿನಕ್ಸ್ ಹಂಚಿ, ಸಂಜೆಗೆ ಬಸ್ ಹತ್ತುವ ಪ್ರಚಾರದಿಂದ ಬೇಸತ್ತು ಮರಳಿದವರನ್ನು ಎರಡನೆಯ ಸಲ ಒಪ್ಪಿಸುವುದು ಬಹಳ ಕಷ್ಟ. ನಾನೂ ಕಾಲೇಜು ದಿನಗಳಲ್ಲಿ ಅಂಥ ಹಂಚಿಕೆ ಮಾಡಿದವನೇ.

ಮಿಂಟ್ 22ರ ಸರಣಿಗೆ ಬೆಂಬಲ 2029ರವರೆಗೆ ಇದೆ. ಆಮೇಲೆ ಮುಂದಿನ ಸರಣಿಗೆ ಏರಬೇಕು, ಆ ಏರಿಕೆ 22.2ಕ್ಕೆ ಏರಿದಷ್ಟು ಸಲೀಸಲ್ಲ, ಅದಕ್ಕೆ ಮತ್ತೊಂದು ಮಧ್ಯಾಹ್ನ ಬೇಕಾಗುತ್ತದೆ. ಚಿಕ್ಕಪ್ಪ ತಮ್ಮ ಡೈರಿಯ ಹಿಂಬದಿಯ ಪುಟದಲ್ಲಿ ಲ್ಯಾಪ್‌ಟಾಪಿನ ಪಾಸ್‌ವರ್ಡಿನ ಕೆಳಗೆ ಆ ಇಸವಿಯನ್ನು ಬರೆದು, ಪಕ್ಕದಲ್ಲಿ ನನ್ನ ಹೆಸರು ಬರೆದುಕೊಂಡಿದ್ದಾರೆ.